ಕತ್ತೆ ಕೋರ್ಟಿಗೆ ಬಂತು



ಹಾಲಿನ ಸಂಘ ನಮಗೆ ಗೊತ್ತು. ಉಳಿತಾಯದ ಸಂಘ ಗೊತ್ತು. ಈ ಪಾಠದಲ್ಲಿ ಇನ್ನೊಂದು ಬಗೆಯ ಸಂಘದ ಕಥೆ ಓದೋಣ. ಈ ಸಂಘದ ಸದಸ್ಯರು ಮನುಷ್ಯರೇ. ಆದರೆ ಸಂಘ ಕಟ್ಟಿದ್ದು ಮನುಷ್ಯರಿಗಾಗಿ ಅಲ್ಲ. ಕುದುರೆ, ಎತ್ತು, ಕತ್ತೆ, ನಾಯಿ, ಕೋಳಿಗಳಿಗಾಗಿ.

ಇದು ಇಂಗ್ಲೆಂಡ್ ದೇಶದ ಸಂಘ. ಹುಟ್ಟಿದ್ದು 1824ರಲ್ಲಿ. ಅಂದರೆ 200 ವರ್ಷ ದಾಟಿದೆ. ಅದರ ಹೆಸರು ಉದ್ದ. ಚಿಕ್ಕದಾಗಿ ಆರ್.ಎಸ್.ಪಿ.ಸಿ.ಎ. ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳಿದರೆ, ಪ್ರಾಣಿಗಳಿಗೆ ಹಿಂಸೆ ಆಗದಂತೆ ತಡೆಯುವ ಸಂಘ.

ಅಷ್ಟು ದೂರದ ದೇಶದ ಸಂಘದ ಕಥೆ ನಮಗ್ಯಾಕೆ ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ಇವತ್ತು ನಮ್ಮ ದೇಶದಲ್ಲಿ ಎತ್ತಿನ ಹೆಗಲಿಗೆ, ಕತ್ತೆಯ ಬೆನ್ನಿಗೆ ಒಂದು ಕಾನೂನು ಇದೆ. ಆ ಕಾನೂನಿನ ಬೇರು ಹುಡುಕುತ್ತಾ ಹೋದರೆ ಈ ಸಂಘ ಸಿಗುತ್ತದೆ.

ನನ್ನ ಎತ್ತು, ನನ್ನ ಕೋಲು

ಇನ್ನೂರು ವರ್ಷದ ಹಿಂದೆ ಲಂಡನ್ ನಗರದಲ್ಲಿ ಮೋಟಾರು ಇರಲಿಲ್ಲ. ಲಾರಿ ಇರಲಿಲ್ಲ. ಊರಿಗೆ ಬೇಕಾದ ಕಲ್ಲಿದ್ದಲು, ಇಟ್ಟಿಗೆ, ದವಸ ಎಲ್ಲವನ್ನೂ ಕುದುರೆಗಳೇ ಎಳೆಯಬೇಕು. ಬಡವರು ಕತ್ತೆ ಸಾಕುತ್ತಿದ್ದರು. ಅದಕ್ಕಿಂತ ಬಡವರು ನಾಯಿಗಳನ್ನು ಸಣ್ಣ ಗಾಡಿಗೆ ಕಟ್ಟಿ ಸಾಮಾನು ಸಾಗಿಸುತ್ತಿದ್ದರು. ಹೌದು, ನಾಯಿಗಳನ್ನೇ.

ಊರಿನ ನಡುವೆ ಸ್ಮಿತ್‌ಫೀಲ್ಡ್ ಎಂಬ ದನದ ಸಂತೆ ಇತ್ತು. ದನ, ಕುರಿಗಳನ್ನು ನೂರಾರು ಮೈಲಿ ದೂರದಿಂದ ನಡೆಸಿಕೊಂಡೇ ಬರುತ್ತಿದ್ದರು. ಕಾಲು ಸೋತ ದನಕ್ಕೆ ಕೋಲಿನ ಏಟು, ಮೊಳೆ ಹಾಕಿದ ಕೋಲಿನ ತಿವಿತ.

ಆಟಗಳೂ ಇದ್ದವು. ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವುದು ಒಂದು ಆಟ. ಕೋಳಿ ಅಂಕ ಇನ್ನೊಂದು. ಜನ ಸುತ್ತ ನಿಂತು ಬಾಜಿ ಕಟ್ಟುತ್ತಿದ್ದರು. ಬಡವರೂ ಇದ್ದರು, ಸಾಹುಕಾರರೂ ಇದ್ದರು.

ಇದನ್ನೆಲ್ಲ ಕೇಳುವ ಕಾನೂನು ಇರಲಿಲ್ಲವೇ? ಇರಲಿಲ್ಲ. ಬೇರೆಯವರ ಎತ್ತಿಗೆ ಹೊಡೆದರೆ ತಪ್ಪು. ಅದೂ ಎತ್ತಿಗೆ ನೋವಾಯಿತು ಅಂತ ಅಲ್ಲ. ಯಜಮಾನನ ಆಸ್ತಿ ಹಾಳಾಯಿತು ಅಂತ. ತನ್ನ ಎತ್ತನ್ನು ತಾನು ಸಾಯ ಬಡಿದರೆ ಯಾರೂ ಕೇಳುವಂತಿಲ್ಲ. ನನ್ನ ಎತ್ತು, ನನ್ನ ಕೋಲು, ನಿನಗೇನು? ಮುಗಿಯಿತು ಮಾತು.

ಈ ಮಾತು ನಾವು ಎಲ್ಲೋ ಕೇಳಿದ ಹಾಗಿದೆ, ಅಲ್ಲವೇ? ಹೆಂಡತಿಯನ್ನು ಹೊಡೆಯುವ ಗಂಡ ಬಿಡಿಸಲು ಹೋದವರಿಗೆ ಹೇಳುವ ಮಾತೂ ಇದೇ. ಈ ವಿಷಯಕ್ಕೆ ಸ್ವಲ್ಪ ಮುಂದೆ ಮತ್ತೆ ಬರೋಣ.

ಸಭೆಯೆಲ್ಲ ನಕ್ಕಿತು

ರಿಚರ್ಡ್ ಮಾರ್ಟಿನ್ ಎಂಬ ಒಬ್ಬರಿದ್ದರು. ಐರ್ಲೆಂಡಿನ ಗಾಲ್ವೇ ಎಂಬ ಕಡೆಯ ದೊಡ್ಡ ಜಮೀನುದಾರರು. ಪಾರ್ಲಿಮೆಂಟಿನ ಸದಸ್ಯರು. ಸಾಧು ಮನುಷ್ಯ ಏನಲ್ಲ. ಮಾತಿಗೆ ಮಾತು ಬೆಳೆದರೆ ಪಿಸ್ತೂಲು ಹಿಡಿದು ಕಾಳಗಕ್ಕೆ ನಿಲ್ಲುವವರು ಅಂತ ಹೆಸರಾಗಿದ್ದರು. ಆದರೆ ಮೂಕಪ್ರಾಣಿಗೆ ಹೊಡೆಯುವುದನ್ನು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ.

1821ರಲ್ಲಿ ಅವರು ಪಾರ್ಲಿಮೆಂಟಿನಲ್ಲಿ ಒಂದು ಮಸೂದೆ ತಂದರು. ಮಸೂದೆ ಅಂದರೆ ಕಾನೂನು ಆಗುವ ಮೊದಲಿನ ಕರಡು. ಕುದುರೆಗಳನ್ನು ಹಿಂಸಿಸಿದರೆ ಶಿಕ್ಷೆ ಆಗಬೇಕು ಅಂತ. ಕತ್ತೆಗಳನ್ನೂ ಸೇರಿಸಿ ಅಂತ ಯಾರೋ ಹೇಳಿದರು. ಸಭೆಯೆಲ್ಲ ನಕ್ಕಿತು. ಇನ್ನು ನಾಯಿಗೂ ಕಾನೂನು ಮಾಡುತ್ತಾರೆ ಅಂತ ಒಬ್ಬರು ಹೇಳಿದರು. ಬೆಕ್ಕಿಗೂ ಬೇಕು ಅಂತ ಇನ್ನೊಬ್ಬರು ಕೂಗಿದರು. ಮತ್ತೆ ನಗು. ಮಸೂದೆ ಬಿದ್ದುಹೋಯಿತು.

ಮಾರ್ಟಿನ್ ಬಿಡಲಿಲ್ಲ. ಮರುವರ್ಷ ಮತ್ತೆ ತಂದರು. 1822ರ ಜುಲೈನಲ್ಲಿ ಕಾನೂನು ಆಯಿತು. ಕುದುರೆ, ಹೇಸರಗತ್ತೆ, ಕತ್ತೆ, ಹಸು, ಎತ್ತು, ಕುರಿ ಇವನ್ನು ಕ್ರೂರವಾಗಿ ಹೊಡೆದರೆ, ಹಿಂಸಿಸಿದರೆ 5 ಪೌಂಡಿನವರೆಗೆ ದಂಡ. ಪೌಂಡು ಅವರ ದೇಶದ ಹಣ. ಕೂಲಿ ಮಾಡುವವನಿಗೆ ಆಗ ಅದು ಎಷ್ಟೋ ವಾರಗಳ ದುಡಿಮೆ. ದಂಡ ಕಟ್ಟದಿದ್ದರೆ ಜೈಲು.

ಕಾನೂನಿನ ಪಟ್ಟಿಯಲ್ಲಿ ಗೂಳಿ ಅಂತ ಬರೆದಿರಲಿಲ್ಲ. ಅದೇ ನೆಪದಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟ ಇನ್ನೂ 13 ವರ್ಷ ನಡೆಯಿತು. ಕಾಗದದಲ್ಲಿ ಒಂದು ಪದ ಬಿಟ್ಟುಹೋದರೆ ಏನಾಗುತ್ತದೆ ನೋಡಿ. ಓದಿ ಸಹಿ ಹಾಕಿ ಅಂತ ನಾವು ಪದೇ ಪದೇ ಹೇಳುವುದು ಇದಕ್ಕೇ.

ಸಾಕ್ಷಿ ಹೇಳುವವರು ಯಾರು?

ಕಾನೂನೇನೋ ಆಯಿತು. ದೂರು ಕೊಡುವವರು ಯಾರು? ಮನುಷ್ಯನಿಗೆ ಹೊಡೆದರೆ ಅವನು ಕೋರ್ಟಿಗೆ ಹೋಗಿ ಹೇಳುತ್ತಾನೆ. ಕತ್ತೆ ಏನು ಹೇಳೀತು?

ಮಾರ್ಟಿನ್ ತಾವೇ ಬೀದಿ ಬೀದಿ ತಿರುಗಿ ಹಿಡಿದು ತರಲು ಶುರು ಮಾಡಿದರು. ಹಾಗೆ ಸಿಕ್ಕವನು ಬಿಲ್ ಬರ್ನ್ಸ್ ಎಂಬ ಬೀದಿ ವ್ಯಾಪಾರಿ. ತನ್ನ ಕತ್ತೆಗೆ ಮನಸೋ ಇಚ್ಛೆ ಬಡಿದಿದ್ದ. ಕೋರ್ಟಿನಲ್ಲಿ ಯಾರಿಗೂ ಈ ಮೊಕದ್ದಮೆಯ ಮೇಲೆ ಗಮನವಿಲ್ಲ. ಎಲ್ಲರಿಗೂ ತಮಾಷೆ. ಆಗ ಮಾರ್ಟಿನ್ ಆ ಕತ್ತೆಯನ್ನೇ ಕೋರ್ಟಿಗೆ ತರಿಸಿದರಂತೆ. ಅದರ ಮೈ ಮೇಲಿನ ಗಾಯಗಳನ್ನು ತೋರಿಸಿದರಂತೆ. ಕತ್ತೆಗೆ ಬಾಯಿಲ್ಲ, ಗಾಯಕ್ಕೆ ಇತ್ತು. ಬಿಲ್ ಬರ್ನ್ಸ್‌ಗೆ ದಂಡ ಬಿತ್ತು. ಪತ್ರಿಕೆಗಳು ಬರೆದವು. ಚಿತ್ರ ಬರೆದವರು ಕೋರ್ಟಿನಲ್ಲಿ ಕತ್ತೆ ನಿಂತಿರುವ ಚಿತ್ರ ಬರೆದರು. ಜನ ಹಾಡು ಕಟ್ಟಿದರು.

ಇನ್ನೊಂದು ಮಾತು ಹೇಳಬೇಕು. ದಂಡ ಕಟ್ಟಲು ಆಗದ ಬಡವರಿಗೆ ಮಾರ್ಟಿನ್ ತಮ್ಮ ಕೈಯಿಂದಲೇ ಹಣ ಕೊಟ್ಟದ್ದೂ ಉಂಟು. ಕೋರ್ಟಿಗೆ ಎಳೆದವರೂ ಅವರೇ, ದಂಡಕ್ಕೆ ದುಡ್ಡು ಕೊಟ್ಟವರೂ ಅವರೇ! ರಾಜ ನಾಲ್ಕನೇ ಜಾರ್ಜ್ ಅವರಿಗೆ ಒಂದು ಅಡ್ಡ ಹೆಸರು ಇಟ್ಟಿದ್ದ. ದಯಾವಂತ ಡಿಕ್ ಅಂತ.

ಕಾಫಿ ಹೋಟೆಲಿನ ಸಭೆ

ಒಬ್ಬರೇ ಎಷ್ಟು ಬೀದಿ ತಿರುಗಿಯಾರು? 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿ ಹೋಟೆಲಿನಲ್ಲಿ ಕೆಲವರು ಸೇರಿದರು. ಹೋಟೆಲಿನ ಹೆಸರು ಓಲ್ಡ್ ಸ್ಲಾಟರ್ಸ್. ಇಂಗ್ಲಿಷಿನಲ್ಲಿ ಸ್ಲಾಟರ್ ಅಂದರೆ ಕಡಿಯುವುದು. ಪ್ರಾಣಿದಯೆಯ ಸಭೆಗೆ ಎಂಥಾ ಹೆಸರಿನ ಜಾಗ! ಅದು ಹೋಟೆಲನ್ನು ಮೊದಲು ತೆರೆದವರ ಮನೆಹೆಸರು, ಅಷ್ಟೇ.

ಸಭೆ ಕರೆದವರು ಆರ್ಥರ್ ಬ್ರೂಮ್ ಎಂಬ ಪಾದ್ರಿ. ಮಾರ್ಟಿನ್ ಬಂದರು. ವಿಲಿಯಂ ವಿಲ್ಬರ್‌ಫೋರ್ಸ್ ಬಂದರು. ಇವರು ಮನುಷ್ಯರನ್ನು ಗುಲಾಮರಾಗಿ ಕೊಂಡು ಮಾರುವುದರ ವಿರುದ್ಧ ಹೋರಾಡಿದವರು. ದನದಂತೆ ಮನುಷ್ಯರನ್ನು ಮಾರಬಾರದು ಅಂದವರೇ, ದನವನ್ನೂ ಹೇಗೆ ಬೇಕಾದರೆ ಹಾಗೆ ಬಡಿಯಬಾರದು ಅಂದರು. ಅಂದು ಸಂಘ ಹುಟ್ಟಿತು.

ಬ್ರೂಮ್ ಅವರು ಚರ್ಚಿನ ಕೆಲಸ ಬಿಟ್ಟರು. ಪೂರ್ತಿಯಾಗಿ ಸಂಘಕ್ಕೆ ನಿಂತರು. ದನದ ಸಂತೆಯಲ್ಲಿ ಕಣ್ಣಿಡಲು ಸಂಬಳದ ಆಳು ಇಟ್ಟರು. ಮೊದಲ ವರ್ಷವೇ 63 ಜನರನ್ನು ಕೋರ್ಟಿಗೆ ತಂದರು.

ಆದರೆ ಸಂಘ ನಡೆಯಬೇಕಾದರೆ ಹಣ ಬೇಕಲ್ಲ? ನಮಗೆಲ್ಲ ಗೊತ್ತಿರುವ ಕಷ್ಟವೇ. ವಂತಿಗೆ ಕೊಡುತ್ತೇವೆ ಅಂದವರು ಕೊಡಲಿಲ್ಲ. ಆಳಿನ ಸಂಬಳ, ಪುಸ್ತಕ ಅಚ್ಚು ಹಾಕಿದ ಖರ್ಚು ಎಲ್ಲ ಸೇರಿ ಸಾಲ ಏರಿತು. ಸಂಘದ ಸಾಲಕ್ಕೆ ಬ್ರೂಮ್ ಜವಾಬ್ದಾರರು. 1826ರಲ್ಲಿ ಸಾಲಗಾರರ ಜೈಲಿಗೆ ಅವರನ್ನು ಹಾಕಿದರು. ಆ ದೇಶದಲ್ಲಿ ಆಗ ಸಾಲ ತೀರಿಸದವರನ್ನು ಜೈಲಿಗೆ ಹಾಕುವ ಪದ್ಧತಿ ಇತ್ತು. ಮಾರ್ಟಿನ್ ಮತ್ತು ಲೂಯಿಸ್ ಗಾಂಪರ್ಟ್ಸ್ ಎಂಬವರು ಹಣ ಕೂಡಿಸಿ ಬಿಡಿಸಿ ತಂದರು.

ಗಾಂಪರ್ಟ್ಸ್ ಆಮೇಲೆ ಸಂಘದ ಕಾರ್ಯದರ್ಶಿಯಾದರು. ಅವರು ಮಾಂಸ ತಿನ್ನುತ್ತಿರಲಿಲ್ಲ. ಕುದುರೆ ಕಟ್ಟಿದ ಗಾಡಿಯನ್ನು ಹತ್ತುತ್ತಿರಲಿಲ್ಲ, ಎಲ್ಲಿಗಾದರೂ ನಡೆದೇ ಹೋಗುತ್ತಿದ್ದರು. ಮುಳುಗುತ್ತಿದ್ದ ಸಂಘವನ್ನು ಎತ್ತಿ ನಿಲ್ಲಿಸಿದವರು ಅವರು. ಆದರೆ ಅವರು ಯಹೂದಿ ಧರ್ಮದವರು. ನಮ್ಮದು ಕ್ರೈಸ್ತರ ಸಂಘ ಅಂತ ಉಳಿದವರು ಹಟ ಹಿಡಿದರು. ಗಾಂಪರ್ಟ್ಸ್ ಹೊರಗೆ ಹೋಗಬೇಕಾಯಿತು. ಪ್ರಾಣಿಯ ಮೇಲೆ ದಯೆ, ಜೊತೆಗೆ ಕೂತ ಮನುಷ್ಯನ ಮೇಲೆ ಇಲ್ಲ. ಇದು ಸಂಘಕ್ಕೆ ಒಪ್ಪುವ ಕೆಲಸ ಆಗಿರಲಿಲ್ಲ ಅಂತ ನಮಗೆ ಅನಿಸುತ್ತದೆ.

ಕೋಳಿ ಅಂಕದಲ್ಲಿ ಹೋದ ಜೀವ

1835ರಲ್ಲಿ ಎರಡನೇ ಕಾನೂನು ಬಂತು. ಈಗ ಗೂಳಿ, ನಾಯಿ ಎಲ್ಲ ಸೇರಿದವು. ಗೂಳಿಯ ಮೇಲೆ ನಾಯಿ ಬಿಡುವುದು, ಕೋಳಿ ಅಂಕ ಎರಡನ್ನೂ ನಿಷೇಧ ಮಾಡಿದರು.

ಕಾನೂನು ಬಂದ ಮಾತ್ರಕ್ಕೆ ಆಟ ನಿಲ್ಲುತ್ತದೆಯೇ? ಊರ ಹೊರಗೆ ಕದ್ದು ನಡೆಸಿದರು. ಸಂಘದ ಇನ್ಸ್‌ಪೆಕ್ಟರುಗಳು ಅಲ್ಲಿಗೂ ಹೋದರು. 1838ರಲ್ಲಿ ಲಂಡನ್ನಿನ ಹತ್ತಿರ ಹ್ಯಾನ್‌ವರ್ತ್ ಎಂಬಲ್ಲಿ ಕೋಳಿ ಅಂಕ ತಡೆಯಲು ಹೋದಾಗ ಜನ ತಿರುಗಿಬಿದ್ದರು. ಜೇಮ್ಸ್ ಪೈಪರ್ ಎಂಬ ಇನ್ಸ್‌ಪೆಕ್ಟರು ಪೆಟ್ಟು ತಿಂದು, ಅದರಿಂದಲೇ ತೀರಿಕೊಂಡರು.

1840ರಲ್ಲಿ ರಾಣಿ ವಿಕ್ಟೋರಿಯಾ ಸಂಘಕ್ಕೆ ರಾಜಮನೆತನದ ಮಾನ್ಯತೆ ಕೊಟ್ಟಳು. ಹೆಸರಿನ ಮೊದಲು ಆರ್ ಅಕ್ಷರ ಸೇರಿದ್ದು ಆಗಲೇ.  1854ರಲ್ಲಿ ನಾಯಿ ಎಳೆಯುವ ಗಾಡಿ ದೇಶದಲ್ಲೆಲ್ಲ ನಿಂತಿತು. ಮುಂದೆ 1914ರ ಮಹಾಯುದ್ಧ ಬಂದಾಗ ಗಾಯಗೊಂಡ ಕುದುರೆಗಳಿಗಾಗಿ ಸಂಘ ನಿಧಿ ಕೂಡಿಸಿತು, ಫ್ರಾನ್ಸಿನಲ್ಲಿ ಕುದುರೆ ಆಸ್ಪತ್ರೆಗಳಿಗೆ ನೆರವಾಯಿತು.

ಹೆಂಗಸರ ಕೈ

ಮೊದಲ ಸಭೆಯಲ್ಲಿ ಇದ್ದವರು ಗಂಡಸರೇ. ಆದರೆ ಸಂಘದ ಕೆಲಸ ಮನೆ ಮನೆಗೆ ಹೋದದ್ದು ಹೆಂಗಸರಿಂದ. ಬರ್ಡೆಟ್ ಕೂಟ್ಸ್ ಎಂಬ ಶ್ರೀಮಂತ ಹೆಂಗಸು 1870ರಿಂದ ಸಂಘದ ಮಹಿಳಾ ಸಮಿತಿಗೆ ಅಧ್ಯಕ್ಷೆ ಆದರು. ದೊಡ್ಡವರನ್ನು ದಂಡ ಹಾಕಿ ತಿದ್ದಬೇಕು, ಮಕ್ಕಳನ್ನು ಕಲಿಸಿ ತಿದ್ದಬೇಕು ಅನ್ನುವುದು ಈ ಸಮಿತಿಯ ದಾರಿ. ಪ್ರಾಣಿದಯೆಯ ಮೇಲೆ ಶಾಲಾ ಮಕ್ಕಳಿಂದ ಪ್ರಬಂಧ ಬರೆಸಿದರು, ಬಹುಮಾನ ಕೊಟ್ಟರು.

ಫ್ರಾನ್ಸಿಸ್ ಪವರ್ ಕಾಬ್ ಎಂಬ ಇನ್ನೊಬ್ಬ ಹೆಂಗಸು ಸಂಘದ ಬಾಗಿಲಿಗೆ ಹೋಗಿ ಕೇಳಿದರು. ಡಾಕ್ಟರುಗಳು ಜೀವಂತ ನಾಯಿಗಳನ್ನು ಕೊಯ್ದು ಪ್ರಯೋಗ ಮಾಡುತ್ತಾರಲ್ಲ, ಅದನ್ನು ನೀವು ಯಾಕೆ ಕೇಳುವುದಿಲ್ಲ ಅಂತ. ಸಂಘ ಮೀನ ಮೇಷ ಎಣಿಸಿತು. ಆಕೆ ಕಾಯಲಿಲ್ಲ. 1875ರಲ್ಲಿ ತಾವೇ ಬೇರೆ ಸಂಘ ಕಟ್ಟಿದರು. ಮರುವರ್ಷ, 1876ರಲ್ಲಿ, ಅಂಥ ಪ್ರಯೋಗಕ್ಕೆ ಪರವಾನಗಿ ಬೇಕು ಅಂತ ಕಾನೂನು ಬಂತು.

ಇಲ್ಲಿ ಮೊದಲು ಬಿಟ್ಟ ಮಾತಿಗೆ ಬರೋಣ. ಕತ್ತೆಗೆ ಕಾನೂನು ಬಂದದ್ದು 1822ರಲ್ಲಿ. ಅದೇ ದೇಶದಲ್ಲಿ ಹೆಂಗಸರನ್ನು, ಮಕ್ಕಳನ್ನು ಗಾಯವಾಗುವಂತೆ ಬಡಿಯುವವರಿಗೆ ಹೆಚ್ಚಿನ ಶಿಕ್ಷೆ ಕೊಡುವ ಕಾನೂನು ಬಂದದ್ದು 1853ರಲ್ಲಿ. ನಡುವೆ 31 ವರ್ಷ. ಆ ಮಸೂದೆ ತಂದ ಪಾರ್ಲಿಮೆಂಟ್ ಸದಸ್ಯರು ಸಭೆಯಲ್ಲಿ ಏನು ಕೇಳಿದರು ಗೊತ್ತೇ? ನಾಯಿಗೂ ಕತ್ತೆಗೂ ಕೊಟ್ಟಿರುವ ರಕ್ಷಣೆಯನ್ನು ದಿಕ್ಕಿಲ್ಲದ ಹೆಂಗಸರಿಗೂ ಕೊಡಿ ಅಂತ. ಕತ್ತೆಯ ಹಿಂದೆ ಹೆಂಗಸು ಸಾಲಿನಲ್ಲಿ ನಿಂತಿದ್ದಳು.

ಹಾಗಂತ ಕತ್ತೆಗೆ ಸಿಕ್ಕಿದ್ದು ಜಾಸ್ತಿ ಆಯಿತು ಅಂತ ನಾವು ಹೇಳುತ್ತಿಲ್ಲ. ಒಂದು ಕಡೆ ನನ್ನ ಸೊತ್ತು, ನನ್ನ ಕೋಲು ಅನ್ನುವ ಮಾತಿಗೆ ಪೆಟ್ಟು ಬಿದ್ದರೆ, ಇನ್ನೊಂದು ಕಡೆ ಅದೇ ಮಾತು ಹೇಳುವವನಿಗೆ ಎದುರು ನಿಲ್ಲಲು ದಾರಿ ಆಗುತ್ತದೆ.

ಬಡವನ ಚಾವಟಿ, ದೊರೆಯ ಬೇಟೆ

ಈ ಸಂಘದ ಮೇಲೆ ಒಂದು ದೂರು ಮೊದಲಿನಿಂದಲೂ ಇತ್ತು. ದಂಡ ಬೀಳುತ್ತಿದ್ದುದು ಯಾರಿಗೆ? ಗಾಡಿ ಹೊಡೆಯುವವನಿಗೆ. ದನ ಅಟ್ಟುವವನಿಗೆ. ಬೀದಿಯಲ್ಲಿ ತರಕಾರಿ ಮಾರುವವನಿಗೆ. ಅವನ ಕತ್ತೆಗೆ ಹೊಟ್ಟೆಗಿಲ್ಲ ಅಂದರೆ ಅವನ ಹೊಟ್ಟೆಗೂ ಇರಲಿಲ್ಲ.

ಅದೇ ಕಾಲದಲ್ಲಿ ದೊಡ್ಡ ಜಮೀನುದಾರರು ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು, ನರಿಯನ್ನು ಓಡಿಸಿ ಓಡಿಸಿ ಕೊಲ್ಲಿಸುತ್ತಿದ್ದರು. ಅದು ಬೇಟೆ, ಅದು ದೊಡ್ಡಸ್ತಿಕೆ. ಬಡವರ ಕೋಳಿ ಅಂಕ 1835ರಲ್ಲಿ ನಿಂತಿತು. ನಾಯಿ ಬಿಟ್ಟು ನರಿ ಬೇಟೆ ಆಡುವುದನ್ನು ಇಂಗ್ಲೆಂಡಿನಲ್ಲಿ ನಿಷೇಧ ಮಾಡಿದ್ದು 2004ರ ಕಾನೂನು. ಲೆಕ್ಕ ಹಾಕಿ, ನಡುವೆ 169 ವರ್ಷ! ಸಂಘದೊಳಗೇ ಬೇಟೆ ಆಡುವ ಶ್ರೀಮಂತರು ಸದಸ್ಯರಾಗಿದ್ದರು. ಅದಕ್ಕೇ ಸಂಘ ಅಷ್ಟು ಕಾಲ ಬಾಯಿ ಬಿಡಲಿಲ್ಲ. ಬೇಟೆಯನ್ನು ನೇರವಾಗಿ ವಿರೋಧಿಸಲು ಶುರು ಮಾಡಿದ್ದು 1970ರ ದಶಕದಲ್ಲಿ.

ಈಗ ಸಂಘ ಏನು ಮಾಡುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್ ಈ ಸಂಘದ ಕೆಲಸದ ಜಾಗ. ಸ್ಕಾಟ್ಲೆಂಡಿನಲ್ಲಿ ಬೇರೆ ಸಂಘ ಇದೆ. ಸಂಘದ ಖರ್ಚು ನಡೆಯುವುದು ಹೆಚ್ಚಾಗಿ ಜನರ ದಾನದಿಂದ. ಸಾಯುವ ಮೊದಲು ಉಯಿಲಿನಲ್ಲಿ ಹಣ ಬರೆದಿಡುವವರೂ ಬಹಳ.

ಯಾರೋ ಫೋನು ಮಾಡುತ್ತಾರೆ. ಪಕ್ಕದ ಮನೆ ನಾಯಿಯನ್ನು ಕಟ್ಟಿಹಾಕಿ ಹೋಗಿದ್ದಾರೆ, ನೀರಿಲ್ಲ ಅಂತ. ಸಮವಸ್ತ್ರ ಹಾಕಿದ ಇನ್ಸ್‌ಪೆಕ್ಟರು ಬರುತ್ತಾರೆ, ಅವರಲ್ಲಿ ಹೆಂಗಸರೂ ಇದ್ದಾರೆ. ಅವರು ಪೊಲೀಸರಲ್ಲ. ಬಾಗಿಲು ಒಡೆದು ಒಳಗೆ ಹೋಗುವ ಅಧಿಕಾರ ಅವರಿಗಿಲ್ಲ. ಬೇಕಾದರೆ ಪೊಲೀಸರನ್ನು ಕರೆಯಬೇಕು. ಹೆಚ್ಚಿನ ಸಲ ಕೋರ್ಟಿನವರೆಗೂ ಹೋಗುವುದಿಲ್ಲ. ಹೀಗೆ ಮೇವು ಹಾಕಿ, ಈ ಗಾಯಕ್ಕೆ ಔಷಧಿ ಮಾಡಿಸಿ ಅಂತ ಹೇಳಿ, ಮತ್ತೆ ಬಂದು ನೋಡುತ್ತಾರೆ. ಬಿಟ್ಟುಹೋದ ಪ್ರಾಣಿಗಳನ್ನು ಸಂಘದ ಆಶ್ರಯಕ್ಕೆ ತಂದು, ಗುಣ ಮಾಡಿ, ಸಾಕುವವರಿಗೆ ಕೊಡುತ್ತಾರೆ.

2006ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ಇದರಲ್ಲಿ ನಮಗೆ ಹಿಡಿಸಿದ್ದು ಒಂದು ವಿಷಯ. ಮೊದಲಿನ ಕಾನೂನು ಹೊಡೆಯಬೇಡ ಅನ್ನುತ್ತಿತ್ತು. ಇದು ನೋಡಿಕೋ ಅನ್ನುತ್ತದೆ. ಪ್ರಾಣಿ ಸಾಕಿದವರು ಅದಕ್ಕೆ ಸರಿಯಾದ ಜಾಗ, ಸರಿಯಾದ ಮೇವು ನೀರು ಕೊಡಬೇಕು. ಅದರ ಸ್ವಭಾವದಂತೆ ಓಡಾಡಲು ಬಿಡಬೇಕು. ಜೊತೆ ಬೇಕಾದ ಪ್ರಾಣಿಗೆ ಜೊತೆ ಇರಬೇಕು, ಒಂಟಿ ಇರುವಂಥದನ್ನು ಒಂಟಿ ಬಿಡಬೇಕು. ನೋವು, ರೋಗ ಬಂದರೆ ಔಷಧಿ ಮಾಡಿಸಬೇಕು. ಏಟು ಬೀಳುವ ತನಕ ಕಾಯಬೇಕಾಗಿಲ್ಲ. ಕ್ರೂರವಾಗಿ ಹಿಂಸಿಸಿದವರಿಗೆ 2021ರಿಂದ 5 ವರ್ಷದವರೆಗೂ ಜೈಲು ಆಗಬಹುದು.

ದೊಡ್ಡ ಸಂಘಕ್ಕೆ ದೊಡ್ಡ ಗಲಾಟೆಗಳೂ ಇವೆ. ಚೆನ್ನಾಗಿ ಸಾಕಿದ ಕೋಳಿ, ಹಂದಿ, ಮೀನು ಅಂತ ಕೆಲವು ಫಾರಂಗಳಿಗೆ ಸಂಘ ತನ್ನ ಮುದ್ರೆ ಕೊಡುತ್ತದೆ. 2024ರಲ್ಲಿ, ಸಂಘಕ್ಕೆ 200 ತುಂಬಿದ ವರ್ಷವೇ, ಮುದ್ರೆ ಇರುವ ಫಾರಂಗಳಲ್ಲೇ ಪ್ರಾಣಿಗಳು ನರಳುತ್ತಿವೆ ಅಂತ ಬೇರೆ ಕಾರ್ಯಕರ್ತರು ವಿಡಿಯೋ ತೆಗೆದು ತೋರಿಸಿದರು. ಆ ವರ್ಷದ ಕೊನೆಗೆ ಸಂಘದ ಅಧ್ಯಕ್ಷರೇ ರಾಜೀನಾಮೆ ಕೊಟ್ಟರು.

ನಮ್ಮ ದೇಶಕ್ಕೆ ಬಂದದ್ದು

ಲಂಡನ್ನಿನ ಸಂಘ ನೋಡಿ ಬೇರೆ ದೇಶಗಳಲ್ಲೂ ಅಂಥವು ಹುಟ್ಟಿದವು. ನಮ್ಮಲ್ಲಿ ಮೊದಲು ಹುಟ್ಟಿದ್ದು ಕಲ್ಕತ್ತೆಯಲ್ಲಿ, 1861ರಲ್ಲಿ. ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಇಂಗ್ಲಿಷ್ ಚಿತ್ರಕಾರರು ಕಟ್ಟಿದ್ದು. 1890ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾನೂನು ಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಆ ಹಳೇ ಕಾನೂನು ಸಾಲದು ಅಂದವರು ಒಬ್ಬ ಹೆಂಗಸು. ರುಕ್ಮಿಣಿ ದೇವಿ ಅರುಂಡೇಲ್. ಮದರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದ ಭರತನಾಟ್ಯ ಕಲಾವಿದೆ. ರಾಜ್ಯಸಭೆಯ ಸದಸ್ಯೆಯಾದಾಗ ಅವರೇ ಮಸೂದೆ ತಂದರು. ಸರ್ಕಾರವೇ ತರುತ್ತದೆ ಅಂತ ಪ್ರಧಾನಿ ನೆಹರೂ ಮಾತು ಕೊಟ್ಟರು. 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು. ಅದರ ಮೊದಲ ಅಧ್ಯಕ್ಷೆಯೂ ರುಕ್ಮಿಣಿ ದೇವಿಯೇ. ನಮ್ಮ ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವಯಸ್ಸಾದ ಇಂಗ್ಲಿಷ್ ಹೆಂಗಸು ಕೂಪಾ ಎಂಬ ಸಂಘ ಕಟ್ಟಿದರು. ಗಾಯಗೊಂಡ ಬೀದಿ ಪ್ರಾಣಿಗಳಿಗೆ ಆಸರೆ ಕೊಡುವ ಸಂಘ.

ನಮ್ಮ ಕಾಯಿದೆಯಲ್ಲಿ ಕ್ರೂರವಾಗಿ ಹೊಡೆಯುವುದು, ಮಿತಿಮೀರಿ ಹೊರೆ ಹೇರುವುದು, ಹುಣ್ಣಾದ ಪ್ರಾಣಿಯನ್ನು ದುಡಿಸುವುದು, ಮೇವು ನೀರು ಕೊಡದೆ ಕಟ್ಟಿಹಾಕುವುದು ಎಲ್ಲ ತಪ್ಪು. ದಂಡ ಎಷ್ಟು? ಮೊದಲ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ. 60 ವರ್ಷ ಕಳೆದರೂ ಆ ಮೊತ್ತ ಏರಲಿಲ್ಲ. ಈಗ ಆ ಹಣಕ್ಕೆ ಏನು ಬರುತ್ತದೆ ಅಂತ ಸಂತೆಗೆ ಹೋಗುವ ನಿಮಗೇ ಗೊತ್ತು.

1965ರಲ್ಲಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ನಿಯಮ ಮಾಡಿದರು. ಒಂದು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಕತ್ತೆಯ ಬೆನ್ನ ಮೇಲೆ 50 ಕಿಲೋ ಮೀರಿ ಹೇರಬಾರದು.

ಲೆಕ್ಕ ಮಾಡಿ

1. ಒಂದು ಇಟ್ಟಿಗೆ 3 ಕಿಲೋ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಕತ್ತೆಯ ಮೇಲೆ ಎಷ್ಟು ಇಟ್ಟಿಗೆ ಹೇರಬಹುದು?

2. ಗಾಡಿಯವರೊಬ್ಬರು ಬೆಳಿಗ್ಗೆ 6 ಗಂಟೆಗೆ ಎತ್ತು ಹೂಡಿದರು. ಎಷ್ಟು ಗಂಟೆಯ ಒಳಗೆ ಎತ್ತಿಗೆ ಬಿಡುವು ಕೊಡಬೇಕು?

3. ನಿಮ್ಮೂರಿನ ಇಟ್ಟಿಗೆ ಗೂಡಿಗೆ, ಸಂತೆಗೆ ಹೋದಾಗ ನೋಡಿ ಬನ್ನಿ. ಅಲ್ಲಿಯ ಪ್ರಾಣಿಗಳ ಮೇಲೆ ಎಷ್ಟು ಹೊರೆ ಇತ್ತು? ಹೆಗಲಲ್ಲಿ, ಬೆನ್ನಲ್ಲಿ ಹುಣ್ಣು ಇತ್ತೇ? ಕಂಡದ್ದನ್ನು ನಾಲ್ಕು ಸಾಲು ಬರೆದು ಮುಂದಿನ ತರಗತಿಗೆ ತನ್ನಿ.